ಎಂಟು ಬಿಟ್ಟಿನ ಗಣಕವನ್ನು ಗುಜರಿಗೆ ಹಾಕಬೇಕೆ?

ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಹಳೆಯ ಸಾಮಾನುಗಳ ವಿಲೇವಾರಿ ನಡೆಯುವಾಗ, ‘ನಿರುಪಯುಕ್ತ’ ಎಂಬ ಷರಾ ಹೊತ್ತು ಹೊರಬೀಳುವ ವಸ್ತುಗಳಲ್ಲಿ 8085 ಮೈಕ್ರೊಪ್ರೊಸೆಸರ್ ಕಿಟ್ಟುಗಳೂ ಸೇರಿರುತ್ತವೆ. ಇವನ್ನು ಗುಜರಿಗೆ ಸಾಗಿಸುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಇವುಗಳ ಬಿಡಿಭಾಗಗಳಿಂದ ವಿದ್ಯಾರ್ಥಿಗಳು ತಮ್ಮ ಕೈಯಾರೆ ಪುಟ್ಟ ಗಣಕವೊಂದನ್ನು ಕಟ್ಟಬಲ್ಲರು.

ಇಂಟೆಲ್ ಸಂಸ್ಥೆಯು 1976ರಲ್ಲಿ ಹೊರತಂದ ಈ ಚಿಪ್ಪಿನಲ್ಲಿರುವ ಟ್ರಾನ್ಸಿಸ್ಟರುಗಳು ಸುಮಾರು 6500. ಇಂದಿನ ಮೊಬೈಲ್ ಫೋನಿನ ಚಿಪ್ಪಿನಲ್ಲಾದರೋ ನೂರಾರು ಕೋಟಿ. 8085ಕ್ಕೆ 40 ಕಾಲುಗಳು, ಬೇಕಾದ ವಿದ್ಯುತ್ತು 5 ವೋಲ್ಟ್. ಅದರ 16 ವಿಳಾಸ ತಂತಿಗಳು ಒಟ್ಟು 65,536 ಸ್ಮೃತಿಸ್ಥಾನಗಳನ್ನು ಗುರುತಿಸಬಲ್ಲವು. ವಿಶ್ವೇಶ್ವರಯ್ಯ ನಾಲೆಯ ನೀರನ್ನು ಕಂಡ ಮಂಡ್ಯದ ಸೀಮೆಯವರಿಗೆ ಇದರ ವ್ಯವಸ್ಥೆಯನ್ನು ವಿವರಿಸುವುದು ಸುಲಭ. 74138 ಎಂಬ ಚಿಕ್ಕ ಚಿಪ್ಪು ಇಲ್ಲಿಯ ನೀರುಗಂಟಿ. ಮೂರು ತಂತಿಗಳ ಸಂಜ್ಞೆಯನ್ನು ನೋಡಿ, ಎಂಟು ತೂಬುಗಳಲ್ಲಿ ಒಂದನ್ನು ಮಾತ್ರ ತೆರೆಯುವುದು ಅದರ ಕೆಲಸ. ಎರಡು ತೂಬುಗಳು ಒಟ್ಟಿಗೆ ತೆರೆದರೆ ಸುದ್ದಿಯೆಲ್ಲ ಕಲಸಿಹೋಗುವುದು.

62, 5, 198, 3, 118. ಇದೊಂದು ಪೂರ್ಣ ಪ್ರೋಗ್ರಾಮು: ಐದನ್ನು ತೆಗೆದುಕೊ, ಮೂರನ್ನು ಕೂಡು, ನಿಲ್ಲು. ‘ರೆಡಿ’ ಎಂಬ ಕಾಲನ್ನು ಸೊನ್ನೆಯ ಮಟ್ಟದಲ್ಲಿ ಹಿಡಿದರೆ ಯಂತ್ರವು ಓದುತ್ತಿದ್ದ ಸ್ಥಾನದಲ್ಲಿಯೇ ಕಾದು ನಿಲ್ಲುತ್ತದೆ. ಬಫರ್ ಚಿಪ್ಪಿನ ಮೂಲಕ ಎಂಟು ಎಲ್‌ಇಡಿ ದೀಪಗಳನ್ನು ಜೋಡಿಸಿದ್ದರೆ, 62ನ್ನು ಓದುವಾಗ ಎಡದಿಂದ ಎರಡು ದೀಪಗಳು ಆರಿ, ಐದು ಉರಿದು, ಕೊನೆಯದು ಆರಿರುವುದನ್ನು ಕಾಣಬಹುದು. ಆಜ್ಞೆಯೆಂಬುದು ವಿದ್ಯುತ್ತಿನ ಏರಿಳಿತವಲ್ಲದೆ ಬೇರೇನೂ ಅಲ್ಲವೆಂಬ ಸಂಗತಿ ಆಗ ಕಣ್ಣಿಗೇ ಗೋಚರಿಸುತ್ತದೆ.

ಆರ್ಡುಯಿನೊ ಊನೋದ ಮೂಲ ಆವೃತ್ತಿ ಕೂಡ ಎಂಟು ಬಿಟ್ಟಿನದೇ, ಕೊಳ್ಳಲೂ ಸುಲಭ. ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಉಪಕರಣವೊಂದನ್ನು ನಡೆಸಬೇಕಾದವರಿಗೆ ಅದೇ ಲೇಸು. ಆದರೆ ಅದರಲ್ಲಿ ಗಣಕದ ಮಿದುಳು, ಸ್ಮೃತಿ, ದ್ವಾರಗಳು ಎಲ್ಲವೂ ಒಂದೇ ಚಿಪ್ಪಿನ ಒಡಲಲ್ಲಿ ಅಡಗಿವೆ. ತಪ್ಪು ತಂತಿಯನ್ನು ಹುಡುಕಿ ತಿದ್ದುವ ಶಿಕ್ಷಣ ಅಲ್ಲಿ ದೊರೆಯದು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರನ್ನು ಬಿಚ್ಚಿ, ತಂತಿ ಸುತ್ತಿ, ಮತ್ತೆ ನಡೆಸುವ ವಿದ್ಯೆ ಕೆರಗೋಡಿನಂತಹ ಹೋಬಳಿಯ ಊರುಗಳಿಗೆ ಹೊಸದಲ್ಲ. ಅಂತಹ ಊರುಗಳ ಮಕ್ಕಳು ಗಣಕದ ಮುಂದೆ ಮಾತ್ರ ಬರಿಯ ಬಳಕೆದಾರರಾಗಿ ಉಳಿಯಬೇಕೇಕೆ?

ಕಾಲವೂ ನಮಗಾಗಿ ಕಾಯುವುದಿಲ್ಲ. ಇದೇ ವರ್ಗದ ಜೆಡ್-80 ಚಿಪ್ಪನ್ನು 1976ರಿಂದ ತಯಾರಿಸುತ್ತಿದ್ದ ಜೈಲಾಗ್ ಸಂಸ್ಥೆಯು 2024ರಲ್ಲಿ ಅದರ ಸ್ವತಂತ್ರ ಆವೃತ್ತಿಗೆ ಮುಕ್ತಾಯ ಹಾಡಿತು. ಮಾರುಕಟ್ಟೆಯಲ್ಲಿ ಸಿಕ್ಕುವ ಹಳೆಯ ಚಿಪ್ಪುಗಳಲ್ಲಿ ಹೆಸರು ಅಳಿಸಿ ಬೇರೆ ಹೆಸರು ಮುದ್ರಿಸಿದ ನಕಲಿಗಳೂ ಉಂಟು.

ಆದುದರಿಂದ ಕಾಲೇಜುಗಳು ಎರಡು ಕೆಲಸ ಮಾಡಬೇಕು. ಒಂದು ಕಿಟ್ಟನ್ನು ಚಿಪ್ಪುಗಳ ಪರೀಕ್ಷೆಗಾಗಿ ಸುಸ್ಥಿತಿಯಲ್ಲಿ ಕಾದಿರಿಸಬೇಕು; ಉಳಿದವುಗಳ ಭಾಗಗಳನ್ನು ವಿದ್ಯಾರ್ಥಿಗಳ ಕೈಗೆ ಒಪ್ಪಿಸಬೇಕು. ಕೆಲವು ಚಿಪ್ಪುಗಳು ಕೆಡಬಹುದು, ಕೆಡಲಿ. ಗುಜರಿಯ ತಕ್ಕಡಿಯಲ್ಲಿ ಅವಕ್ಕೆ ದೊರೆಯುವ ಬೆಲೆಗಿಂತ, ಕೆಟ್ಟುದರ ಕಾರಣವನ್ನು ಅರಿತ ವಿದ್ಯಾರ್ಥಿಯೊಬ್ಬನ ಬೆಲೆ ಹೆಚ್ಚಿನದು.