ಒಂದು ವಿಡಾಲ್ ಚೀಟಿ ಸಾಲದು

ಮಳೆಗಾಲ ಬಂತೆಂದರೆ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಜ್ವರದ ಮಾತು ಶುರು. ಎರಡು ದಿನ ಮೈ ಸುಡುತ್ತಲೇ ಇದ್ದರೆ ಮಗುವನ್ನೆತ್ತಿಕೊಂಡು ದವಾಖಾನೆಗೆ, ಅಲ್ಲಿಂದ ಲ್ಯಾಬಿಗೆ. ಸಂಜೆಯೊಳಗೆ ಚೀಟಿ ಕೈಗೆ ಬರುತ್ತದೆ: ‘ಟಿಓ 1:160, ಟಿಎಚ್ 1:160’. “ಟೈಫಾಯ್ಡ್ ಬಂದೈತ್ರಿ, ಸೂಜಿ ಮಾಡಿಸ್ಬೇಕು” ಅನ್ನುತ್ತಾರೆ. ಐದು ದಿನ ಸೂಜಿ, ಜೊತೆಗೆ ಸಲೈನ್. ಮಗು ಚೇತರಿಸಿಕೊಳ್ಳುತ್ತದೆ. ಬಂದದ್ದು ಡೆಂಗಿಯಾಗಿರಬಹುದು, ತಾನಾಗಿಯೇ ಇಳಿಯುವ ಬೇರೊಂದು ವೈರಸ್ ಜ್ವರವಾಗಿರಬಹುದು. ಮನೆಯವರ ನೆನಪಿನಲ್ಲಿ ಮಾತ್ರ ಅದು ಟೈಫಾಯ್ಡ್ ಆಗಿಯೇ ಉಳಿಯುತ್ತದೆ.

ಒಂದೇ ಒಂದು ವಿಡಾಲ್ ಚೀಟಿ ನೋಡಿ ಆ್ಯಂಟಿಬಯಾಟಿಕ್ ಕೊಡುವ ಈ ರೂಢಿ ನಿಲ್ಲಬೇಕು. ಹುಬ್ಬಳ್ಳಿಯಂಥ ಊರಿನಲ್ಲಂತೂ ತಡಮಾಡದೆ ನಿಲ್ಲಬೇಕು.

ಫರ್ನಾಂಡ್ ವಿಡಾಲ್ ಪ್ಯಾರಿಸ್ಸಿನಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದ್ದು 1896ರಲ್ಲಿ. ಅದು ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ರಕ್ತದ ಸೀರಮ್ಮಿಗೆ ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾ ಬೆರೆಸಿದಾಗ ಅವು ಗುಂಪುಗಟ್ಟಿದರೆ ಪ್ರತಿಕಾಯ ಇದೆ ಎಂದರ್ಥ. ಇದನ್ನು ಸರಿಯಾಗಿ ಮಾಡುವ ಕ್ರಮವೂ ಪಠ್ಯಪುಸ್ತಕದಲ್ಲಿದೆ. ಸೀರಮ್ಮನ್ನು ಕೊಳವೆಗಳಲ್ಲಿ ಹಂತಹಂತವಾಗಿ ತೆಳುಮಾಡಿ (1:160 ಎಂದರೆ 160 ಪಟ್ಟು ತೆಳು) ರಾತ್ರಿಯಿಡೀ ಬೆಚ್ಚಗಿಡಬೇಕು. ವಾರ, ಹತ್ತು ದಿನ ಬಿಟ್ಟು ಎರಡನೆಯ ಸಲ ರಕ್ತ ತೆಗೆದು, ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ಈಗ ಸಾಮಾನ್ಯವಾಗಿ ನಡೆಯುವುದು ಗಾಜಿನ ಪಟ್ಟಿಯ ಮೇಲೆ ಒಂದೆರಡು ನಿಮಿಷದಲ್ಲಿ ಮುಗಿಯುವ ಪರೀಕ್ಷೆ. ಎರಡನೆಯ ಸಲ ರಕ್ತ ಕೊಡಲು ಯಾರೂ ಹೋಗುವುದಿಲ್ಲ, ಹೋಗಿರೆಂದು ಹೇಳುವವರೂ ಅಪರೂಪ.

ಟೈಫಾಯ್ಡ್ ಬ್ಯಾಕ್ಟೀರಿಯಾ ದೇಹದೊಳಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರೆ ಈ ಪರೀಕ್ಷೆಯ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಚೀಟಿಯ ‘ಓ’ ಅಕ್ಷರ ಬ್ಯಾಕ್ಟೀರಿಯಾದ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್‌ಗೆ ಸೇರಿದ್ದು, ‘ಎಚ್’ ಅದು ಈಜಲು ಬಳಸುವ ಬಾಲದ ಪ್ರೋಟೀನಿಗೆ. ನಮ್ಮ ಜನ್ಮಜಾತ ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯುವುದೂ ಇವೇ ಎರಡು ವಸ್ತುಗಳನ್ನು. ಮೊದಲನೆಯದನ್ನು ಟಿಎಲ್‌ಆರ್4 ಎಂಬ ಗ್ರಾಹಿ ಹಿಡಿಯುತ್ತದೆಂದು ಬ್ರೂಸ್ ಬ್ಯೂಟ್ಲರ್ ತಂಡ 1998ರಲ್ಲಿ ತೋರಿಸಿತು. ಬ್ಯೂಟ್ಲರ್ 2011ರ ನೊಬೆಲ್ ಹಂಚಿಕೊಂಡರು. ಬಾಲದ ಪ್ರೋಟೀನನ್ನು ಹಿಡಿಯುವುದು ಟಿಎಲ್‌ಆರ್5 ಎಂದು 2001ರಲ್ಲಿ ಗೊತ್ತಾಯಿತು. ಈ ಗ್ರಾಹಿಗಳು ಗಂಟೆಗಳೊಳಗೆ ಎಚ್ಚರಗೊಳ್ಳುತ್ತವೆ. ಪ್ರತಿಕಾಯ ಸಿದ್ಧವಾಗಲು ವಾರ ಬೇಕು. ಟೈಫಾಯ್ಡ್ ಬ್ಯಾಕ್ಟೀರಿಯಾ ಬಲು ಚಾಲಾಕಿ: ರಕ್ತಕ್ಕಿಳಿದ ಮೇಲೆ ‘ವಿಐ’ ಎಂಬ ಕವಚ ಹೊದ್ದು ಹೊರಪೊರೆಯನ್ನು ಮರೆಮಾಡುತ್ತದೆ, ಬಾಲದ ಉತ್ಪಾದನೆಯನ್ನೂ ತಗ್ಗಿಸುತ್ತದೆ. ಹೀಗಾಗಿ ಜ್ವರದ ಮೊದಲ ವಾರದಲ್ಲಿ, ನಿಜವಾದ ಟೈಫಾಯ್ಡ್ ಇದ್ದಾಗಲೂ, ವಿಡಾಲ್ ‘ನೆಗೆಟಿವ್’ ಬರಬಹುದು.

ತಿರುಗಾಮುರುಗಾ ತಪ್ಪೂ ಆಗುತ್ತದೆ. ‘ಓ’ ಸಕ್ಕರೆಯ ಒಂದು ಭಾಗ ಬೇರೆ ಸಾಲ್ಮೊನೆಲ್ಲಾಗಳಲ್ಲೂ ಇದೆ. ಮಲೇರಿಯಾದಲ್ಲೂ ಪರೀಕ್ಷೆ ಪಾಸಿಟಿವ್ ಬಂದದ್ದುಂಟು. ಎರಡು ವರ್ಷದ ಹಿಂದೆ ಬಂದುಹೋದ ಟೈಫಾಯ್ಡಿನ ಪ್ರತಿಕಾಯ ರಕ್ತದಲ್ಲಿ ಉಳಿದಿರಬಹುದು. ಟೈಫಾಯ್ಡ್ ಹೆಚ್ಚಿರುವ ಊರಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಅದು ಒಂದು ಮಟ್ಟದಲ್ಲಿ ಇದ್ದೇ ಇರುತ್ತದೆ. ಹಾಗಾದರೆ ಹಳೇ ಹುಬ್ಬಳ್ಳಿಯಲ್ಲಿ ಜ್ವರವಿಲ್ಲದ ಮನುಷ್ಯನ ಅಂಕಿ ಎಷ್ಟು? 1:80? 1:160? ಅದನ್ನು ಅಳೆದು ಚೀಟಿಯ ಬದಿಯಲ್ಲಿ ಅಚ್ಚು ಹಾಕದ ಹೊರತು ಜ್ವರ ಬಂದವನ ಅಂಕಿಗೆ ಅರ್ಥವಿಲ್ಲ.

ಸಂಶೋಧನಾ ಪ್ರಯೋಗಾಲಯಗಳು ಇದೇ ಪ್ರಶ್ನೆಯನ್ನು ತಮ್ಮ ಪ್ರತಿಕಾಯಗಳಿಗೆ ಕೇಳತೊಡಗಿ ಹತ್ತು ವರ್ಷವಾಯಿತು. ಟಿಎಲ್‌ಆರ್‌ನಂಥ ಗ್ರಾಹಿ ಜೀವಕೋಶದ ಎಲ್ಲಿದೆ, ಎಷ್ಟಿದೆ ಎಂದು ನೋಡಲು ವಿಜ್ಞಾನಿಗಳು ಕಂಪನಿಗಳಿಂದ ಪ್ರತಿಕಾಯ ಕೊಳ್ಳುತ್ತಾರೆ. ಆಂಡ್ರ್ಯೂ ಬ್ರಾಡ್ಬರಿ ಮತ್ತು ಆಂಡ್ರಿಯಾಸ್ ಪ್ಲುಕ್ತುನ್ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯೊಂದಿಗೆ ಎಚ್ಚರಿಸಿದರು: ಕೆಟ್ಟ ಪ್ರತಿಕಾಯಗಳಿಗೆ ಜಗತ್ತು ವರ್ಷಕ್ಕೆ 80 ಕೋಟಿ ಡಾಲರ್ ಸುರಿಯುತ್ತಿದೆ ಎಂಬುದು ಅವರ ಅಂದಾಜು. ‘ವೈಕ್ಯಾರೋಸ್’ ತಂಡ 65 ಪ್ರೋಟೀನುಗಳಿಗೆಂದು ಮಾರುವ 614 ಪ್ರತಿಕಾಯಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಕೊಟ್ಟಿತು. ಕೆಲಸ ಮಾಡದ ಪ್ರತಿಕಾಯವನ್ನು ನಂಬಿ ಬರೆದ ಲೇಖನಗಳು ಒಂದೊಂದು ಪ್ರೋಟೀನಿಗೆ ಸರಾಸರಿ ಹನ್ನೆರಡರಷ್ಟಿದ್ದವು. ಅವರು ಹಿಡಿದ ದಾರಿ ಸರಳ. ಆ ಪ್ರೋಟೀನೇ ಇಲ್ಲದಂತೆ ಜೀನ್ ತೆಗೆದ ಕೋಶದ ಮೇಲೂ ಪ್ರತಿಕಾಯವನ್ನು ಹಾಕಿ ನೋಡುವುದು. ಅಲ್ಲಿಯೂ ಹೊಳೆದರೆ ಅದನ್ನು ಬದಿಗಿಡುವುದು. ಓಣಿಯ ಲ್ಯಾಬಿಗೆ ಜ್ವರವಿಲ್ಲದವನ ರಕ್ತವೇ ಅಂಥ ಕೋಶ.

ವೈದ್ಯರ ಕಡೆಯ ಮಾತಿನಲ್ಲಿ ತೂಕವಿದೆ. ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ದುಬಾರಿ, ಉತ್ತರ ಬರಲು ಎರಡರಿಂದ ಐದು ದಿನ, ಬಂದರೂ ನೂರು ಟೈಫಾಯ್ಡ್ ರೋಗಿಗಳಲ್ಲಿ ಹಿಡಿಯುವುದು ಅರವತ್ತರ ಆಸುಪಾಸು. ದಿನಗೂಲಿಯ ತಾಯಿಗೆ “ಮೂರು ದಿನ ಕಾಯಿರಿ” ಎನ್ನುವುದು ಸುಲಭವಲ್ಲ. ಹಾಗೆಂದು ಕಲ್ಚರಿನ ಕೊರತೆಯನ್ನು ತಪ್ಪು ದಾರಿ ತೋರಿಸುವ ಇನ್ನೊಂದು ಪರೀಕ್ಷೆಯಿಂದ ತುಂಬಲಾಗದು. ರೋಗಿಯ ಸ್ಥಿತಿ ನೋಡಿ ವೈದ್ಯರು ಔಷಧ ಶುರು ಮಾಡಲೇಬೇಕಾದೀತು. ಮಾಡಲಿ, ಮೊದಲ ಸೂಜಿಗೆ ಮುನ್ನ ಕಲ್ಚರಿಗೆ ರಕ್ತ ತೆಗೆದಿಡಲಿ. ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ಹೇಳುವುದು ಕಲ್ಚರ್. ವಿಡಾಲ್‌ಗೆ ಆ ಶಕ್ತಿಯೇ ಇಲ್ಲ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ತಳಿಗೆ ಸೆಫ್‌ಟ್ರಯಾಕ್ಸೋನ್ ಕೂಡ ನಾಟಲಿಲ್ಲ. ನಮ್ಮ ಓಣಿಗಳಲ್ಲಿ ‘ಟೈಫಾಯ್ಡ್ ಸೂಜಿ’ ಎಂದು ಚುಚ್ಚುವುದು ಬಹುಪಾಲು ಇದೇ ಔಷಧವನ್ನು.

ಬೇಕಾದ ವ್ಯವಸ್ಥೆ ಹುಬ್ಬಳ್ಳಿಯಲ್ಲೇ ಇದೆ. ಕಲ್ಚರ್ ಬಾಟಲಿಗೆ ಫ್ರಿಜ್ ಬೇಡ. ಚಿಟಗುಪ್ಪಿ ಆಸ್ಪತ್ರೆಯಲ್ಲಿ, ವಾರ್ಡಿನ ನಮ್ಮ ಕ್ಲಿನಿಕ್ಕಿನಲ್ಲಿ ಬೆಳಗ್ಗೆ ರಕ್ತ ತೆಗೆದರೆ ಸಂಜೆಯೊಳಗೆ ವಿದ್ಯಾನಗರದ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಮುಟ್ಟಿಸಬಹುದು. ಮೂರು ದಿನ ದಾಟಿದ ಪ್ರತಿ ಜ್ವರಕ್ಕೂ ಈ ಪರೀಕ್ಷೆ ಉಚಿತವಾಗಬೇಕು. ಜನ ಈಗ ಚೀಟಿಗೆ, ಸೂಜಿಗೆ, ಸಲೈನಿಗೆ ಸುರಿಯುತ್ತಿರುವುದು ದುಡಿದು ಉಳಿಸಿದ ದುಡ್ಡು.

ಇನ್ನು ಟೈಫಾಯ್ಡ್ ಹರಡುವ ದಾರಿಯಾದ ನೀರು. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಿಗೆ ದಿನದ 24 ತಾಸು ನಳದ ನೀರು ಬಂತು. ಉಳಿದೆಡೆ ದಿನಗಟ್ಟಲೆ ಕಾದು ಬ್ಯಾರಲ್ ತುಂಬಿಸುವ ಪಾಳಿಯೇ ಮುಂದುವರಿಯಿತು. ಆಯ್ಷೆ ಎರ್ಜುಮೆನ್ ಮತ್ತು ಸಂಗಡಿಗರು ಎರಡೂ ಬಗೆಯ ವಾರ್ಡುಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದ ಸುಮಾರು 3,900 ಮನೆಗಳನ್ನು ಹಿಂಬಾಲಿಸಿ 2015ರಲ್ಲಿ ಬರೆದರು: ನಿರಂತರ ನೀರು ಬರುವ ಕಡೆ ಟೈಫಾಯ್ಡ್ ಬಂತೆಂದು ಹೇಳಿದ ಮನೆಗಳು ಶೇ. 42ರಷ್ಟು ಕಡಿಮೆ. ಇಂಥ ಲೆಕ್ಕ ಪಾಲಿಕೆಯ ಕೈಯಲ್ಲಿ ಪ್ರತಿ ತಿಂಗಳೂ ಇರಬೇಕು, ಮನೆಯವರ ಬಾಯಿಮಾತಿನಿಂದಲ್ಲ, ಕಲ್ಚರಿನಿಂದ. ಯಾವ ಓಣಿಯಲ್ಲಿ ಎಷ್ಟು ಬಾಟಲಿಯಲ್ಲಿ ಟೈಫಾಯ್ಡ್ ಬೆಳೆಯಿತು, ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಟ್ಟರು: ಎರಡೂ ಪಟ್ಟಿಗಳನ್ನು ಜೊತೆಯಾಗಿ ವಾರ್ಡ್ ಕಚೇರಿಯ ಗೋಡೆಗೆ ಹಚ್ಚಲಿ.