ಚಂದ್ರಲೋಕದ ಸುದ್ದಿಯೂ ನಮ್ಮ ಲೈನಿನ ಮಳೆಯೂ



ರಾಕೆಟ್ಟು ಹಾರಿದ ಸುದ್ದಿ ಬಂದಾಗಲೆಲ್ಲ ನಮ್ಮ ತೋಟಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಬೆಳಿಗ್ಗೆ ಮಸ್ಟರಿಗೆ ಬಂದವರಲ್ಲಿ ಒಬ್ಬರು, “ನಮ್ಮ ದೇಶ ಚಂದ್ರನನ್ನೇ ಮುಟ್ಟಿತಲ್ಲ!” ಎಂದು ಎದೆಯುಬ್ಬಿಸುತ್ತಾರೆ. ಇನ್ನೊಬ್ಬರು, “ಚಂದ್ರನಲ್ಲಿ ನೀರು ಹುಡುಕುವವರು ನಮ್ಮ ಲೈನಿನ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಬಾರದೇ?” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮೇಸ್ತ್ರಿ ಹೆಸರು ಕೂಗುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಸಂಚಿಕೆಯಲ್ಲಿ ಆ ಮಾತನ್ನು ಸ್ವಲ್ಪ ಮುಂದಕ್ಕೆ ಒಯ್ಯೋಣ.

ಮೊದಲು ಖರ್ಚಿನ ಪ್ರಶ್ನೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದ ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ ರೂಪಾಯಿ ತಗಲಿತು. ಅಷ್ಟು ಹಣವನ್ನು ನಾವು ಕಣ್ಣಲ್ಲಿ ಕಂಡವರಲ್ಲ. ಆದರೆ ದೇಶದ 140 ಕೋಟಿ ಜನರಿಗೆ ಹಂಚಿ ನೋಡಿದರೆ ತಲೆಗೆ ನಾಲ್ಕೂವರೆ ರೂಪಾಯಿಯೂ ಬೀಳುವುದಿಲ್ಲ. ಒಂದು ಗ್ಲಾಸ್ ಚಹಾದ ಬೆಲೆಯೂ ಅಲ್ಲ. ಆದ್ದರಿಂದ ಆ ರಾಕೆಟ್ಟಿನಿಂದಾಗಿ ನಮ್ಮ ಲೈನಿನ ನಲ್ಲಿ ಒಣಗಿತು ಎನ್ನುವುದು ಸರಿಯಾಗದು. ನಲ್ಲಿ ಒಣಗಿರುವುದಕ್ಕೆ ಬೇರೆ ಕಾರಣಗಳಿವೆ, ಬೇರೆ ಹೊಣೆಗಾರರಿದ್ದಾರೆ. ರಾಕೆಟ್ಟನ್ನು ಬೈದು ಮನಸ್ಸು ಹಗುರ ಮಾಡಿಕೊಂಡರೆ ಅವರಿಗೇ ಅನುಕೂಲ.

ಎರಡನೆಯದಾಗಿ, ಈ ವಿಜ್ಞಾನವೆಲ್ಲ ದೊಡ್ಡವರ ಮನೆಯ ಆಸ್ತಿ ಎಂಬ ಭಾವನೆ ನಮ್ಮಲ್ಲುಂಟು. ಅದೂ ಸರಿಯಲ್ಲ. ತಿರುವನಂತಪುರದ ಹತ್ತಿರ ತುಂಬಾ ಎಂಬಲ್ಲಿ ಬೆಸ್ತರ ಹಳ್ಳಿಯೊಂದಿತ್ತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಸಮೀಪದಲ್ಲಿ ಹಾದುಹೋಗುವುದರಿಂದ ಮೇಲಿನ ವಾಯುಮಂಡಲವನ್ನು ಪರೀಕ್ಷಿಸಲು ಅದು ತಕ್ಕ ಸ್ಥಳವಾಗಿತ್ತು. ವಿಕ್ರಮ್ ಸಾರಾಭಾಯಿಯವರು ಆ ಜಾಗವನ್ನು ಕೇಳಿದಾಗ ಅಲ್ಲಿ ಮಗ್ದಲದ ಮರಿಯಳ ದೇವಾಲಯವಿತ್ತು, ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ನಿವಾಸವಿತ್ತು, ಬೆಸ್ತರ ಮನೆಗಳಿದ್ದವು. ಸಭೆಯವರು ಒಪ್ಪಿ ಸ್ಥಳ ಬಿಟ್ಟುಕೊಟ್ಟರು. ದೇವಾಲಯ ಮೊದಲ ಕಾರ್ಯಾಗಾರವಾಯಿತು. ಬಿಷಪ್ಪರ ಮನೆ ಆಫೀಸಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಹಾರಿತು. ಆ ದಿನಗಳಲ್ಲಿ ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಹೋಗುತ್ತಿದ್ದರು. 1981ರಲ್ಲಿ ಬೆಂಗಳೂರಿನಲ್ಲಿ ಆಪಲ್ ಉಪಗ್ರಹವನ್ನು ಪರೀಕ್ಷಿಸಲು ಲೋಹದ ಅಡ್ಡಿಯಿಲ್ಲದ ಗಾಡಿ ಬೇಕಾದಾಗ ಎತ್ತಿನ ಗಾಡಿಯನ್ನೇ ಕರೆಸಿದರು. ಚಂದ್ರಯಾನ-3ರ ಯೋಜನಾ ನಿರ್ದೇಶಕರಾಗಿದ್ದ ಪಿ. ವೀರಮುತ್ತುವೇಲ್ ಅವರು ವಿಳುಪ್ಪುರದ ರೈಲ್ವೆ ನೌಕರರೊಬ್ಬರ ಮಗ. ಅದಕ್ಕೂ ಮುಂಚೆ ಇಸ್ರೋದ ಅಧ್ಯಕ್ಷರಾಗಿದ್ದ ಕೆ. ಶಿವನ್ ಅವರು ಕನ್ಯಾಕುಮಾರಿ ಜಿಲ್ಲೆಯ ರೈತನ ಮಗ, ಸರಕಾರಿ ಶಾಲೆಯಲ್ಲಿ ಓದಿದವರು. ದುಡಿಯುವವರ ಮನೆಯ ಮಕ್ಕಳಿಗೆ ಈ ಬಾಗಿಲು ಮುಚ್ಚಿಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ನೀಲಗಿರಿಯಲ್ಲಿರುವ ವಾಚಕರಿಗೆ ದೂರ ಹೋಗುವ ಕೆಲಸವೂ ಇಲ್ಲ. ಊಟಿಯ ಹತ್ತಿರ ಮುತ್ತೊರೈಯ ಇಳಿಜಾರಿನಲ್ಲಿ ಕಬ್ಬಿಣದ ದೊಡ್ಡ ಚೌಕಟ್ಟುಗಳು ಸಾಲಾಗಿ ನಿಂತಿರುವುದನ್ನು ಎಷ್ಟೋ ಮಂದಿ ನೋಡಿರಬಹುದು. ಅದು ರೇಡಿಯೋ ದೂರದರ್ಶಕ. 530 ಮೀಟರ್ ಉದ್ದ, 30 ಮೀಟರ್ ಅಗಲ. ಗೋವಿಂದ ಸ್ವರೂಪ್ ಅವರ ಮುಂದಾಳ್ತನದಲ್ಲಿ ನಮ್ಮ ದೇಶದವರೇ ಯೋಚಿಸಿ ಕಟ್ಟಿದ್ದು, 1970ರಲ್ಲಿ ಕೆಲಸ ಆರಂಭಿಸಿತು. ಅವರು ಆ ಬೆಟ್ಟವನ್ನು ಆರಿಸಿದ್ದಕ್ಕೆ ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ಊಟಿ ಇರುವುದು ಸಮಭಾಜಕದಿಂದ 11 ಡಿಗ್ರಿ ಉತ್ತರಕ್ಕೆ. ಆ ಬೆಟ್ಟದ ಇಳಿಜಾರೂ ಸುಮಾರು 11 ಡಿಗ್ರಿಯೇ. ಹಾಗಾಗಿ ಇಳಿಜಾರಿನ ಉದ್ದಕ್ಕೆ ಮಲಗಿಸಿದ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿ ನಿಲ್ಲುತ್ತದೆ. ಅದನ್ನು ಒಂದೇ ಅಚ್ಚಿನಲ್ಲಿ ಮೆಲ್ಲಗೆ ತಿರುಗಿಸಿದರೆ ಸಾಕು, ಆಕಾಶದ ಒಂದು ವಸ್ತುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ನಾವು ದಿನವೂ ಹತ್ತಿ ಇಳಿದು ಮೊಣಕಾಲು ನೋಯಿಸಿಕೊಳ್ಳುವಂಥ ಇಳಿಜಾರನ್ನೇ ವಿಜ್ಞಾನಿಗಳು ಅಳೆದು ಉಪಯೋಗಕ್ಕೆ ತಂದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಳಿಜಾರನ್ನು ಅಳೆಯಬಲ್ಲ ವಿಜ್ಞಾನವು ಇಳಿಜಾರಿನಲ್ಲಿ ಮಲಗುವವರನ್ನು ಕಾಪಾಡುತ್ತಿದೆಯೇ?

2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ವಯನಾಡಿನ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಆದದ್ದನ್ನು ನಾವು ಮರೆಯುವಂತಿಲ್ಲ. ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳು ಹೋದವು. ತೋಟದ ಪಾಡಿಗಳಲ್ಲಿ ಮಲಗಿದ್ದ ನಮ್ಮಂಥ ಕುಟುಂಬಗಳೂ ಅದರಲ್ಲಿದ್ದವು. ಅದೇ ಸೀಮೆಯ ಪುತ್ತುಮಲೆಯಲ್ಲಿ 2019ರ ಆಗಸ್ಟ್ 8ರಂದು ಬೆಟ್ಟ ಕುಸಿದು 17 ಮಂದಿ ತೀರಿಕೊಂಡಿದ್ದರು. 2023ರಲ್ಲಿ ಇಸ್ರೋ ಸಂಸ್ಥೆಯವರು ಉಪಗ್ರಹದ ಚಿತ್ರಗಳಿಂದ ಗುಡ್ಡ ಕುಸಿತದ ನಕ್ಷೆಪುಸ್ತಕವೊಂದನ್ನು ಹೊರತಂದರು. ಅದರಲ್ಲಿ ಅಪಾಯದ 147 ಜಿಲ್ಲೆಗಳ ಪೈಕಿ ವಯನಾಡು 13ನೆಯದು. ಎಂದರೆ, ತಿಳಿಯದ ಅಪಾಯವೇನೂ ಅಲ್ಲ.

ದುರಂತದ ನಂತರ ಉಪಗ್ರಹಗಳು ಮೋಡದ ಮೇಲಿನಿಂದಲೇ ಚಿತ್ರ ತೆಗೆದವು. 86,000 ಚದರ ಮೀಟರ್, ಅಂದರೆ ಸುಮಾರು 21 ಎಕರೆ ನೆಲ ಜಾರಿದೆ, ಮಣ್ಣು ಬಂಡೆಗಳು ಹೊಳೆಯ ದಾರಿಯಲ್ಲಿ ಸುಮಾರು 8 ಕಿಲೋಮೀಟರ್ ಹರಿದಿವೆ ಎಂದು ತಿಳಿಸಿದವು. ಹುಡುಕಾಟಕ್ಕೆ ಅದರಿಂದ ಸಹಾಯವಾಯಿತು. ಆದರೆ ಯಾವ ರಾತ್ರಿ ಯಾವ ಗುಡ್ಡ ಜಾರುತ್ತದೆ ಎಂದು ಮುಂಚಿತವಾಗಿ ಹೇಳಲು ಆಕಾಶದ ಕಣ್ಣಿಗೆ ಇನ್ನೂ ಸಾಧ್ಯವಾಗಿಲ್ಲ.

ಹಾಗಾದರೆ ಮೊದಲೇ ಹೇಳಿದವರು ಯಾರೂ ಇರಲಿಲ್ಲವೇ? ಇದ್ದರು. ಕಲ್ಪೆಟ್ಟದ ಹ್ಯೂಮ್ ಕೇಂದ್ರದವರು ಜಿಲ್ಲೆಯುದ್ದಕ್ಕೂ ಇನ್ನೂರಕ್ಕೂ ಹೆಚ್ಚು ಮಳೆ ಮಾಪಕಗಳನ್ನಿಟ್ಟು ದಿನದಿನದ ಲೆಕ್ಕ ಬರೆಯುತ್ತಿದ್ದರು. ಆ ಲೆಕ್ಕ ನೋಡಿಯೇ ಅವರು ಹಿಂದಿನ ದಿನ ಬೆಳಿಗ್ಗೆ ಜಿಲ್ಲಾಡಳಿತಕ್ಕೆ ಎಚ್ಚರಿಕೆ ತಿಳಿಸಿದ್ದರೆಂದು ಪತ್ರಿಕೆಗಳಲ್ಲಿ ಬಂತು. 48 ಗಂಟೆಗಳಲ್ಲಿ 572 ಮಿಲಿಮೀಟರ್ ಮಳೆ ಸುರಿದಿತ್ತೆಂದು ಕೇರಳ ಸರಕಾರವೇ ಹೇಳಿತು. ನಮ್ಮ ತೋಟದ ಲೆಕ್ಕದಲ್ಲಿ ಹೇಳುವುದಾದರೆ ಇಪ್ಪತ್ತೆರಡೂವರೆ ಇಂಚು. ಒಂದು ಎಕರೆಯ ಮೇಲೆ ಅಷ್ಟು ಮಳೆ ಬಿದ್ದರೆ 23 ಲಕ್ಷ ಲೀಟರ್ ನೀರು. ಗುಡ್ಡದ ಮಣ್ಣು ಎಷ್ಟೆಂದು ಕುಡಿದೀತು?

ಇಲ್ಲಿ ಒಡಿಶಾದ ಉದಾಹರಣೆ ನೋಡತಕ್ಕದ್ದು. 1999ರ ಅಕ್ಟೋಬರ್ ಕೊನೆಯಲ್ಲಿ ಬಂದ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2019ರ ಮೇ ತಿಂಗಳಲ್ಲಿ ಫೋನಿ ಚಂಡಮಾರುತ ಬಂದಾಗ ಅಲ್ಲಿ ಸತ್ತವರು ನೂರಕ್ಕೂ ಕಡಿಮೆ. ಉಪಗ್ರಹ 1999ರಲ್ಲೂ ಇತ್ತು, ಚಂಡಮಾರುತವನ್ನು ಅದು ಆಗಲೂ ಕಂಡಿತ್ತು. ಆದರೆ ಸುದ್ದಿಯನ್ನು ಗುಡಿಸಲಿನ ಬಾಗಿಲಿಗೆ ಒಯ್ಯುವ ಕಾಲುಗಳು ಸಾಲದಾಗಿದ್ದವು, ಓಡಿ ಸೇರುವುದಕ್ಕೆ ಗಟ್ಟಿ ಕಟ್ಟಡಗಳು ಸಾಲದಾಗಿದ್ದವು. ಇಪ್ಪತ್ತು ವರ್ಷಗಳಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಊರೂರಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿದರು. ಫೋನಿ ಬರುವ ಮುನ್ನ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿದರು. ಆಕಾಶದಿಂದ ನೋಡುವುದು ಅರ್ಧ ಕೆಲಸ, ಬಾಗಿಲು ತಟ್ಟುವುದು ಉಳಿದರ್ಧ.

ನಮ್ಮ ತೋಟಗಳಲ್ಲಿ ಆ ಉಳಿದರ್ಧವೇ ಆಗಿಲ್ಲ. ಎಷ್ಟೋ ಎಸ್ಟೇಟ್ ಆಫೀಸಿನ ಮುಂದೆ ಮಳೆ ಮಾಪಕವುಂಟು. ಬೆಳಿಗ್ಗೆ ಅದನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಗೊಬ್ಬರ ಯಾವಾಗ ಹಾಕಬೇಕು, ಔಷಧಿ ಯಾವಾಗ ಹೊಡೆಯಬೇಕು, ಎಲೆ ಎಷ್ಟು ಬಂದೀತು ಎಂಬ ಲೆಕ್ಕಕ್ಕೆ ಆ ಪುಸ್ತಕ ದೊರೆಯ ಮೇಜಿಗೆ ಹೋಗುತ್ತದೆ. ಲೈನಿಗೆ ಮಾತ್ರ ಬರುವುದಿಲ್ಲ. ಗಿಡಕ್ಕೆ ಬೇಕಾದ ಮಳೆ ಲೆಕ್ಕ ಗಿಡದ ಕೆಳಗೆ ದುಡಿಯುವವನಿಗೆ ಬೇಡವೇ?

ಮಳೆ ಅಳೆಯುವುದು ದೊಡ್ಡ ವಿದ್ಯೆಯಲ್ಲ. ಮೇಲೂ ಕೆಳಗೂ ಒಂದೇ ಅಗಲವಿರುವ ಡಬ್ಬಿಯೊಂದನ್ನು ಸೂರು, ಮರಗಳಿಂದ ದೂರ ಬಯಲಿನಲ್ಲಿ ಅಲುಗಾಡದಂತೆ ನಿಲ್ಲಿಸಬೇಕು. ದಿನವೂ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ನೋಡಿ ಬರೆದು, ನೀರು ಚೆಲ್ಲಿ ಮತ್ತೆ ಇಡಬೇಕು. ಆರನೇ ಕ್ಲಾಸಿನ ಹುಡುಗಿಯೂ ಮಾಡಬಲ್ಲಳು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರ್, ಅಂದರೆ ಎರಡೂವರೆ ಇಂಚು ಮುಟ್ಟಿದರೆ ಭಾರಿ ಮಳೆ. ನಾಲ್ಕೂವರೆ ಇಂಚು ದಾಟಿದರೆ ಅತಿ ಭಾರಿ. ಎಂಟು ಇಂಚು ದಾಟಿದರೆ ಅದಕ್ಕಿಂತ ಮೇಲೆ ಹೆಸರಿಲ್ಲದ ಅತ್ಯಂತ ಭಾರಿ ಮಳೆ. ಒಂದು ದಿನದ ಮಳೆಗಿಂತ ಎರಡು ಮೂರು ದಿನ ಒಟ್ಟಾಗಿ ಬಿದ್ದದ್ದು ಹೆಚ್ಚು ಅಪಾಯ, ಏಕೆಂದರೆ ಮಣ್ಣು ಆಗಲೇ ನೆಂದು ಭಾರವಾಗಿರುತ್ತದೆ. ಇದರ ಜೊತೆಗೆ ನೆಲದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಮರ, ಕೆಸರಾದ ಅಥವಾ ಹಠಾತ್ತನೆ ನಿಂತುಹೋದ ತೋಡು, ಇವುಗಳಲ್ಲಿ ಯಾವುದನ್ನು ಕಂಡರೂ ಯಾರ ಅಪ್ಪಣೆಗೂ ಕಾಯಬಾರದು. ಮಕ್ಕಳು ಮುದುಕರನ್ನು ಕರೆದುಕೊಂಡು ತೋಡಿನ ದಾರಿ ಬಿಟ್ಟು ಹೊರಡಬೇಕು.

ಇನ್ನು ನಾವು ಸಂಘದ ಮೂಲಕ ಕೇಳತಕ್ಕದ್ದು ನಾಲ್ಕು. ಒಂದು, ಪ್ರತಿ ಡಿವಿಜನ್ನಿನ ಮಸ್ಟರ್ ಶೆಡ್ಡಿನಲ್ಲಿ ಮಳೆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯಬೇಕು. ಎರಡು, ಸರಕಾರದ ಎಚ್ಚರಿಕೆಯನ್ನು ಲೈನಿನವರಿಗೆ ತಿಳಿಯುವ ಮಾತಿನಲ್ಲಿ, ಹಗಲಾಗಲಿ ರಾತ್ರಿಯಾಗಲಿ, ಬಂದು ಹೇಳುವವರನ್ನು ಹೆಸರಿಟ್ಟು ನೇಮಿಸಬೇಕು. ಮೂರು, ಇಳಿಜಾರಿನಿಂದ ದೂರದಲ್ಲಿ ರಾತ್ರಿ ತಂಗಲು ಗಟ್ಟಿ ಕಟ್ಟಡವನ್ನು ಮಳೆಗಾಲಕ್ಕೆ ಮುಂಚೆಯೇ ಗೊತ್ತುಮಾಡಬೇಕು. ನಾಲ್ಕು, ಹಾಗೆ ಮನೆ ಬಿಟ್ಟು ಹೋದ ದಿನದ ಹಾಜರಿ ಕತ್ತರಿಸಬಾರದು. ಈ ನಾಲ್ಕನೆಯದು ಸಣ್ಣದೆಂದು ತಿಳಿಯಬೇಡಿ. ಕೂಲಿ ಹೋದೀತು, ಹೆಸರು ಹೊಡೆದಾರು ಎಂಬ ಭಯವೇ ಎಷ್ಟೋ ಜನರನ್ನು ಅಪಾಯದ ಮನೆಯಲ್ಲಿ ಕೂರಿಸುತ್ತದೆ.

ಇದು ಭಿಕ್ಷೆಯಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಅದರ ಸ್ಥಾನಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಯಾದ 2020ರ ಸಂಹಿತೆಯಲ್ಲಿಯೂ ತೋಟದ ಮನೆಗಳ ಮಾತು ಉಂಟು. ವಾಸಕ್ಕೆ ಮನೆ ಎಂದರೆ ಬೆಳಗಾಗುವವರೆಗೆ ನಿಂತಿರುವ ಮನೆ ಎಂದೇ ಅರ್ಥ.

ಆದ್ದರಿಂದ ವಿಜ್ಞಾನದ ಸುದ್ದಿ ಬಂದಾಗ ಬರೀ ಚಪ್ಪಾಳೆಯೂ ಬೇಡ, ಬರೀ ಗೇಲಿಯೂ ಬೇಡ. ಅದರಲ್ಲಿ ನಮ್ಮ ಪಾಲು ಎಲ್ಲಿ ಎಂದು ಕೇಳೋಣ. ತುಂಬಾದ ಬೆಸ್ತರು ತಮ್ಮ ಪ್ರಾರ್ಥನೆಯ ಸ್ಥಳವನ್ನೇ ಈ ದೇಶದ ವಿಜ್ಞಾನಕ್ಕೆ ಕೊಟ್ಟರು. ಆ ವಿಜ್ಞಾನದಿಂದ ಒಂದು ರಾತ್ರಿಯ ಎಚ್ಚರಿಕೆಯನ್ನು ಕೇಳುವ ಹಕ್ಕು ದುಡಿಯುವ ಜನರಿಗೆ ಇದ್ದೇ ಇದೆ. ಮುಂದಿನ ಮುಂಗಾರಿಗೆ ಮುಂಚೆ ಪ್ರತಿ ಲೈನಿನಲ್ಲಿ ಒಂದು ಡಬ್ಬಿ, ಒಂದು ನೋಟ್‌ಬುಕ್, ಅದನ್ನು ಬರೆಯುವ ಒಂದು ಮಗು ಇರಲಿ. ಆ ಕೆಲಸವನ್ನು ಈ ಭಾನುವಾರವೇ ಆರಂಭಿಸಬಹುದು.