ಸ್ಮರಣೆಯ ಸಭೆಯಲ್ಲಿ ಪ್ರಭುತ್ವದ ಸ್ಥಾನ

ನ್ಯೂಯಾರ್ಕ್ ನಗರದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 11ರ ಬೆಳಗ್ಗೆ, ಜೋಡಿ ಗೋಪುರಗಳು ನಿಂತಿದ್ದ ಎಡೆಯಲ್ಲಿ ನೆರೆಯುವ ಸಭೆಯು 8 ಗಂಟೆ 46 ನಿಮಿಷಕ್ಕೆ ಸರಿಯಾಗಿ ನಿಶ್ಶಬ್ದವಾಗುವುದು. 2001ರಲ್ಲಿ ಮೊದಲ ವಿಮಾನವು ಉತ್ತರದ ಗೋಪುರಕ್ಕೆ ಅಪ್ಪಳಿಸಿದ ಹೊತ್ತದು. ಎರಡನೆಯ ಗೋಪುರಕ್ಕೆ ಪೆಟ್ಟು ಬಿದ್ದ ಹೊತ್ತು, ಪೆಂಟಗನ್ ಹೊತ್ತಿ ಉರಿದ ಹೊತ್ತು, ಪೆನ್ಸಿಲ್ವೇನಿಯಾದ ಬಯಲಿನಲ್ಲಿ ವಿಮಾನವೊಂದು ನೆಲಕ್ಕುರುಳಿದ ಹೊತ್ತು, ಗೋಪುರಗಳೆರಡೂ ಒಂದರ ಹಿಂದೊಂದು ಕುಸಿದ ಹೊತ್ತು, ಹೀಗೆ ಆರು ಸಲ ಮೌನ; ಆ ಮೌನಗಳ ನಡುವೆ ಮೃತರ ನಾಮಪಠಣ. ಅಂದು ಮಡಿದ 2,977 ಮಂದಿಯ ಹೆಸರುಗಳೊಡನೆ, 1993ರಲ್ಲಿ ಅದೇ ಕಟ್ಟಡದ ನೆಲಮಾಳಿಗೆಯಲ್ಲಾದ ಸ್ಫೋಟಕ್ಕೆ ಬಲಿಯಾದ ಆರು ಮಂದಿಯ ಹೆಸರುಗಳೂ ಸೇರುತ್ತವೆ. ಮತಗುರುಗಳ ಆಶೀರ್ವಚನ ಮಾತ್ರ ಅಲ್ಲಿ ಇಲ್ಲ.

ಆ ಅಭಾವವೇ 2011ರಲ್ಲಿ, ದುರಂತದ ಹತ್ತನೆಯ ವರ್ಷದ ಸ್ಮರಣೆಯ ಸಂದರ್ಭದಲ್ಲಿ, ದೊಡ್ಡ ವಿವಾದಕ್ಕೆ ಕಾರಣವಾಯಿತು. ಯಾವ ಮತದ ಗುರುವಿಗೂ ವೇದಿಕೆಯಿಲ್ಲವೆಂದು ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್ ನಿಶ್ಚಯಿಸಿದಾಗ, ದೇವರನ್ನು ಬಿಟ್ಟು ಮೃತರನ್ನು ನೆನೆಯುವುದೆಂತು ಎಂದು ಅನೇಕ ಶ್ರದ್ಧಾಳುಗಳು ನೊಂದುಕೊಂಡರು. ಆ ನೋವನ್ನು ಹಗುರವಾಗಿ ಕಾಣಲು ನನ್ನಿಂದಾಗದು. ನಮ್ಮ ನಾಡಿನ ವೀರಗಲ್ಲುಗಳಲ್ಲಿಯೂ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಎಲ್ಲಕ್ಕೂ ಮೇಲೆ ದೇವರ ಸನ್ನಿಧಿ. ಸಾವಿನ ನೆನಪು ದೇವರ ನೆನಪಿನಲ್ಲಿ ಹೋಗಿ ನಿಲ್ಲಬೇಕೆಂಬುದು ಮನುಷ್ಯನ ಬಹು ಪುರಾತನವಾದ ಹಂಬಲ. ಆದರೆ ಆ ಮೇಲಿನ ಅಂಕಣದಲ್ಲಿ ಏನನ್ನು ಕೆತ್ತಬೇಕೆಂಬ ವಿಷಯದಲ್ಲಿ ಕಲ್ಲು ನಿಲ್ಲಿಸಿದ ಊರಿಗೆ ಸಂದೇಹವಿರಲಿಲ್ಲ. ತೊಂಬತ್ತಕ್ಕೂ ಮಿಕ್ಕ ದೇಶಗಳ ಜನ, ಕ್ರೈಸ್ತರು, ಯೆಹೂದಿಗಳು, ಮುಸಲ್ಮಾನರು, ಹಿಂದೂಗಳು, ಯಾವ ದೇವರನ್ನೂ ನಂಬದವರು, ಒಂದೇ ಬೆಳಗ್ಗೆ ಒಟ್ಟಿಗೆ ಮಡಿದಾಗ, ಆ ಅಂಕಣವನ್ನು ತುಂಬುವ ಅಧಿಕಾರ ನಗರಸಭೆಗೆ ಎಲ್ಲಿಂದ ಬರಬೇಕು?

ಎಲ್ಲ ಮತದವರನ್ನೂ ಕರೆದರಾಯಿತಲ್ಲ ಎಂದು ಸುಲಭವಾಗಿ ಹೇಳಬಹುದು. ಹಾಗೆ ಕರೆದುದೂ ಉಂಟು. 2001ರ ಸೆಪ್ಟೆಂಬರ್ 23ರಂದು, ಚಿತೆಯಿನ್ನೂ ಆರದಿದ್ದಾಗ, ಯಾಂಕೀ ಕ್ರೀಡಾಂಗಣದಲ್ಲಿ ಸರ್ವಮತಪ್ರಾರ್ಥನೆ ನಡೆಯಿತು. ಅದರಲ್ಲಿ ಪ್ರಾರ್ಥಿಸಿದ ಲೂಥರನ್ ಪಾದ್ರಿಯೊಬ್ಬರನ್ನು, ಅನ್ಯಮತೀಯರೊಡನೆ ಸಮಾನವಾಗಿ ನಿಂತರೆಂಬ ಆರೋಪದ ಮೇಲೆ, ಅವರದೇ ಸಂಪ್ರದಾಯದ ಮಂಡಲಿಯು ಮರುವರ್ಷ ಅಮಾನತಿನಲ್ಲಿರಿಸಿತು; 2003ರಲ್ಲಿಯಷ್ಟೆ ಅವರಿಗೆ ಸ್ಥಾನ ಮರಳಿ ದೊರೆತದ್ದು. ಸದುದ್ದೇಶದಿಂದ ಸರ್ಕಾರವು ಹೂಡಿದ ಸಭೆಯೂ ಒಬ್ಬ ಭಕ್ತನಿಗೆ ತನ್ನ ಮತದೊಡನೆಯೇ ವ್ಯಾಜ್ಯ ತಂದಿಡಬಲ್ಲದು. ಯಾರು ಎಷ್ಟು ಹೊತ್ತು ಮಾತಾಡಬೇಕು, ಯಾರು ಮೊದಲು, ಯಾವ ಪಂಥ ಬಿಟ್ಟುಹೋಯಿತು ಎಂಬ ಲೆಕ್ಕದಲ್ಲಿ ಸತ್ತವರು ಮರೆತುಹೋಗುತ್ತಾರೆ.

ಆದುದರಿಂದ ಬ್ಲೂಮ್‌ಬರ್ಗ್ ಅವರ ನಿಶ್ಚಯವು ಯುಕ್ತವೆಂದೇ ನನ್ನ ಎಣಿಕೆ. ಆ ಮೌನವನ್ನು ನಾಸ್ತಿಕ್ಯವೆಂದು ಹಳಿಯುವವರು, ಹೆಸರೋದಲು ಬಂದ ಬಂಧುಗಳ ಮಾತನ್ನು ಕೇಳಿಲ್ಲವೆಂದು ತೋರುತ್ತದೆ. ಓದಬೇಕಾದ ಹೆಸರುಗಳ ಕೊನೆಗೆ ತಮ್ಮವರ ಹೆಸರನ್ನು ಸೇರಿಸಿ, ಸ್ವರ್ಗದಲ್ಲಿ ಮತ್ತೆ ಕಾಣೋಣವೆಂದು ಒಬ್ಬಾಕೆ ನುಡಿದರೆ, ದೇವರು ನಿನ್ನನ್ನು ಕಾಯಲಿ ಎಂದು ಮತ್ತೊಬ್ಬ ತನ್ನ ತಾಯ್ನುಡಿಯಲ್ಲಿಯೇ ಹರಸುತ್ತಾನೆ, ಯಾರೂ ತಡೆಯುವುದಿಲ್ಲ. ಉತ್ತರದ ಗೋಪುರದ ಹಜಾರದಲ್ಲಿ ಕರ್ತವ್ಯನಿರತರಾಗಿದ್ದಾಗಲೇ ಮಡಿದು, ಮೃತರ ದಾಖಲೆಯಲ್ಲಿ ಮೊದಲಿಗರಾದ ಅಗ್ನಿಶಾಮಕ ದಳದ ಪಾದ್ರಿ ಮೈಕಲ್ ಜಡ್ಜ್ ಅವರ ಹೆಸರೂ ಅಕಾರಾದಿಯಲ್ಲಿ ತನ್ನ ಸರದಿಗೆ ಬರುತ್ತದೆ. ಹೀಗಿರಲು, ಅದೇ 2011ರ ಸಭೆಯಲ್ಲಿ ಅಧ್ಯಕ್ಷ ಒಬಾಮಾ ಅವರು ಬೈಬಲ್ಲಿನ ನಲವತ್ತಾರನೆಯ ಕೀರ್ತನೆಯನ್ನು ಓದಿದುದು ನನಗೆ ಸಮಾಧಾನ ತರಲಿಲ್ಲ. ವಿಧವೆಯೊಬ್ಬಳ ಬಾಯಲ್ಲಿ ಪ್ರಾರ್ಥನೆಯಾಗುವ ಕೀರ್ತನೆ, ರಾಷ್ಟ್ರಾಧ್ಯಕ್ಷರ ಬಾಯಲ್ಲಿ ರಾಷ್ಟ್ರದ ನುಡಿಯಾಗಿಬಿಡುತ್ತದೆ. ಗುರುವನ್ನು ಬಾಗಿಲಲ್ಲಿ ನಿಲ್ಲಿಸಿದ ಮೇಲೆ ಗ್ರಂಥವನ್ನು ದೊರೆಯೇ ತೆರೆಯುವುದು ಸಲ್ಲದು.

ಇನ್ನು ಆ ಉಕ್ಕಿನ ಶಿಲುಬೆಯ ಪ್ರಕರಣ. ಕುಸಿದ ಕಟ್ಟಡದ ರಾಶಿಯಲ್ಲಿ ಅಡ್ಡತೊಲೆಯೊಂದು ಶಿಲುಬೆಯಾಕಾರದಲ್ಲಿ ಕಂಡಿತು. ಹೆಣಗಳನ್ನು ಅರಸಿ ಅರಸಿ ಬಸವಳಿದ ಕಾರ್ಮಿಕರು ಅದರ ಬುಡದಲ್ಲಿ ಪ್ರಾರ್ಥಿಸಿದರು. ಅದನ್ನು ದುರಂತದ ನೆನಪಿನ ವಸ್ತುಸಂಗ್ರಹಾಲಯದಲ್ಲಿರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ನಾಸ್ತಿಕರ ಸಂಘವು ಹೂಡಿದ ದಾವೆಯನ್ನು ಮೇಲ್ಮನವಿ ನ್ಯಾಯಾಲಯವು 2014ರಲ್ಲಿ ತಿರಸ್ಕರಿಸಿತು. ತೀರ್ಪು ಸರಿಯಾದುದು. ಅಲ್ಲಿ ಜನ ಪ್ರಾರ್ಥಿಸಿದರೆಂಬುದು ನಡೆದ ಸಂಗತಿ. ಇತಿಹಾಸವನ್ನು ಕಾಪಾಡುವುದೆಂದರೆ ಪೂಜೆಗೆ ನಿಲ್ಲುವುದಲ್ಲ.

ನಮ್ಮ ಭಾಷೆಯಲ್ಲಿ ಮತವೇ ಬೇರೆ, ಧರ್ಮವೇ ಬೇರೆ. ಪ್ರಭುತ್ವಕ್ಕೆ ಮತವಿರಕೂಡದು, ಧರ್ಮವಿಲ್ಲದೆ ಅದು ಒಂದು ದಿನವೂ ಬಾಳಲಾರದು. ಆ ಧರ್ಮ ಯಾವುದೆಂಬುದನ್ನು ಇದೇ ಬ್ಲೂಮ್‌ಬರ್ಗ್ ಅವರು 2010ರ ಆಗಸ್ಟ್‌ನಲ್ಲಿ ಆಚರಿಸಿ ತೋರಿದ್ದರು: ಗೋಪುರಗಳಿದ್ದ ಸ್ಥಳದ ಸಮೀಪ ಮಸೀದಿಯನ್ನೊಳಗೊಂಡ ಸಮುದಾಯಭವನವೊಂದನ್ನು ಕಟ್ಟಲಾಗದೆಂದು ದೇಶವೇ ಕುದಿಯುತ್ತಿದ್ದಾಗ, ನಾನಾ ಮತಗಳ ಗುರುಗಳನ್ನು ಜೊತೆಯಲ್ಲಿ ನಿಲ್ಲಿಸಿಕೊಂಡು, ತಮ್ಮ ನೆಲದಲ್ಲಿ ತಮ್ಮ ಆರಾಧನೆಯನ್ನು ನಡೆಸುವ ಮುಸಲ್ಮಾನರ ಹಕ್ಕನ್ನು ಎತ್ತಿಹಿಡಿದರು. ಯೋಜಿಸಿದಂತೆ ಆ ಕಟ್ಟಡವೇಳಲಿಲ್ಲವೆಂಬುದು ಬೇರೆಯ ಮಾತು. ಈ ರಕ್ಷಣೆ ತಪ್ಪಿದಲ್ಲಿ ಏನಾಗುವುದೆಂಬುದಕ್ಕೆ ದೂರ ಹುಡುಕಬೇಕಾದುದಿಲ್ಲ. ದಾಳಿಯಾಗಿ ನಾಲ್ಕೇ ದಿನಕ್ಕೆ, ಅರಿಜೋನಾದ ಮೇಸಾ ಊರಿನಲ್ಲಿ, ತನ್ನ ಅಂಗಡಿಯ ಮುಂದಿದ್ದ ಭಾರತಮೂಲದ ಸಿಖ್ ಗೃಹಸ್ಥನನ್ನು, ಅವನ ಪೇಟವನ್ನು ಕಂಡು ಕೆರಳಿದವನೊಬ್ಬನು ಗುಂಡಿಕ್ಕಿ ಕೊಂದನು. ಗೋಪುರಗಳಲ್ಲಿ ಸಿಲುಕಿದವರ ನೆರವಿಗೆಂದು ಓಡಿದ ಪಾಕಿಸ್ತಾನಮೂಲದ ತರುಣನೊಬ್ಬನು, ಅವನ ಅಸ್ಥಿಗಳು ಅವಶೇಷಗಳಲ್ಲಿ ಗುರುತಾಗುವ ತನಕ ಮುಸಲ್ಮಾನನೆಂಬ ಒಂದೇ ಕಾರಣಕ್ಕೆ ಸಂಶಯಕ್ಕೆ ಗುರಿಯಾದನು. ಬಲಿಯಾದವರ ಸ್ಮರಣೆಯೆಂದರೆ ಇಂಥವರ ಸ್ಮರಣೆಯೂ ಹೌದು.

ಗೋಪುರಗಳಿದ್ದ ಎಡೆಯಲ್ಲಿನ ಸ್ಮಾರಕದ ಎರಡು ಕೊಳಗಳ ಕಂಚಿನ ಅಂಚಿನಲ್ಲಿ ಹೆಸರುಗಳನ್ನು ಅಕಾರಾದಿಯಲ್ಲಿ ಕೆತ್ತಿಲ್ಲ. ಬದುಕಿನಲ್ಲಿ ಜೊತೆಗಿದ್ದವರ ಹೆಸರುಗಳು ಅಲ್ಲಿಯೂ ಜೊತೆಗಿರಲೆಂದು ಬಂಧುಗಳು ಕೇಳಿಕೊಂಡಂತೆ ಜೋಡಿಸಿದ್ದಾರೆ. ಹುಟ್ಟಿದ ದಿನ ಬಂದವರ ಹೆಸರಿನಲ್ಲಿ ಬಿಳಿಯ ಗುಲಾಬಿಯೊಂದನ್ನು ಸಿಕ್ಕಿಸುತ್ತಾರೆ. ಕೆಳಗೆ, ಬಂಡೆಯ ಮಟ್ಟದಲ್ಲಿ, ಇಂದಿಗೂ ಯಾರದೆಂದು ತಿಳಿಯದ ಅಸ್ಥಿಶೇಷಗಳನ್ನು ನಗರದ ವೈದ್ಯಾಧಿಕಾರಿಗಳು ಕಾದಿರಿಸಿಕೊಂಡು ಪರೀಕ್ಷಿಸುತ್ತಲೇ ಇದ್ದಾರೆ. ನ್ಯೂಯಾರ್ಕಿನಲ್ಲಿ ಸತ್ತ 2,753 ಮಂದಿಯಲ್ಲಿ ಸುಮಾರು 1,100 ಮಂದಿಯ ಒಂದು ಎಲುಬೂ ಮನೆಯವರಿಗೆ ದೊರೆತಿಲ್ಲ. ಆ ಅಸ್ಥಿಶೇಷಗಳನ್ನಿರಿಸಿದ ಎಡೆಯ ಪಕ್ಕದಲ್ಲಿ ಬಂಧುಗಳಿಗೆಂದೇ ಮೀಸಲಾದ ಚಿಕ್ಕ ಕೋಣೆಯಿದೆ. ಅಲ್ಲಿಗೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಒಳಗೆ ಹೋದವರು ಜಪಿಸುವರೋ, ಅಳುವರೋ, ಸುಮ್ಮನೆ ಕುಳಿತು ಬರುವರೋ, ಹೊರಗೆ ನಿಂತವರು ಕೇಳುವುದಿಲ್ಲ.